ಒಂಬತ್ತನೆಯ ಪಟ್ಟಿ

ಜೂನ್ 9

ಮಗಳೇ,

ಮೊದಲೇ ಹೇಳಿಬಿಡುತ್ತೇನೆ, ನನಗೇನೂ ಆಗಿಲ್ಲ. ಆಗಿರುವುದೆಲ್ಲ ಗಾಡಿಗೆ. ನಿನ್ನೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಂಗಡಿಯ ಮುಂದೆ ರಿವರ್ಸ್ ತೆಗೆಯುವಾಗ ಹಿಂದೆ ನಿಂತಿದ್ದ ಬಿಳಿ ಕಾರಿಗೆ ಗುದ್ದಿಬಿಟ್ಟೆ. ಅವರ ಬಾಗಿಲು ಒಳಗೆ ಹೋಗಿದೆ, ಪಕ್ಕದ ಕನ್ನಡಿ ನೇತಾಡುತ್ತಿದೆ. ನಮ್ಮದು ಹಿಂದಿನ ದೀಪ ಪುಡಿಪುಡಿ, ಬಂಪರು ಒಂದು ಕಡೆ ಜೋತು ಬಿದ್ದಿದೆ. ಅವರು ಹಾರ್ನ್ ಹೊಡೆದರಂತೆ. ಮೂರು ಸಲ ಹೊಡೆದರಂತೆ. ನನ್ನ ಕಿವಿಯ ಸಂಗತಿ ನಿನಗೆ ಗೊತ್ತೇ ಇದೆ. ಅದಕ್ಕೇ ಅಲ್ಲವೇ ನಾವು ಫೋನು ಬಿಟ್ಟು ಕಾಗದ ಬರೆಯುವುದು.

ಕಾರಿನವರು ಎದುರಿನ ಮಹಡಿಯ ಹಲ್ಲಿನ ಡಾಕ್ಟರು. ಬಾಯಿ ತೆರೆದು ಕೂತವರ ಜೊತೆ ಮಾತಾಡಿ ಮಾತಾಡಿ, ಎದುರಿನವರೂ ಏನಾದರೂ ಹೇಳಬಹುದು ಎನ್ನುವುದು ಆ ಮನುಷ್ಯನಿಗೆ ಮರೆತೇಹೋಗಿದೆ. ನನಗೋ ಅವರು ಹೇಳಿದ್ದು ಅರ್ಧ ಕೇಳಿಸಲಿಲ್ಲ. ಅರ್ಧ ಗಂಟೆ ರಸ್ತೆಯಲ್ಲಿ ನಿಂತು ಇಬ್ಬರೂ ನಮ್ಮನಮ್ಮ ಪಾಡಿಗೆ ಕೂಗಾಡಿದೆವು. ಕೊನೆಗೆ ಅವರು ನನ್ನ ಕಿವಿಯ ಹತ್ತಿರವೇ ಬಂದು, "ಇನ್ಶೂರೆನ್ಸ್ ಇದೆ ತಾನೆ? ಪೇಪರ್ ತೋರಿಸಿ" ಅಂದರು. "ಇಲ್ದೆ ಏನು? ಈಗಲೇ ತೋರಿಸ್ತೀನಿ" ಎಂದು ಜಂಬದಿಂದ ಗಾಡಿಯ ಮುಂದಿನ ಡಬ್ಬಿ ತೆಗೆದೆ. ಏಪ್ರಿಲ್ ಐದಕ್ಕೇ ಅವಧಿ ಮುಗಿದಿದೆ! ಎರಡು ತಿಂಗಳಿಂದ ವಿಮೆ ಇಲ್ಲದ ಗಾಡಿಯಲ್ಲಿ ಊರೆಲ್ಲ ಬೈಂಡ್ ಮಾಡಿದ ಪುಸ್ತಕ ಹಂಚಿಕೊಂಡು ತಿರುಗಿದ್ದೇನೆ. ರಸ್ತೆಯಲ್ಲಿ ಅಷ್ಟು ಜನರ ಮುಂದೆ ಆ ಕಾಗದ ಹಿಡಿದು ನಿಂತಾಗ ಆದ ಅವಮಾನ ನನ್ನ ಶತ್ರುವಿಗೂ ಬೇಡ.

ಗಾಡಿ ನಿನ್ನ ಹೆಸರಿನಲ್ಲಿದೆ. ವಿಮೆಯ ನೋಟಿಸು ನಿನ್ನ ವಿಳಾಸಕ್ಕೆ ಬರುತ್ತದೆ, ನೀನು ನನಗೆ ಕಳಿಸುತ್ತೀಯ, ನಾನು ಇಲ್ಲಿನ ಕೌಂಟರಿನಲ್ಲಿ ಕಟ್ಟುತ್ತೇನೆ. ಆರು ವರ್ಷದಿಂದ ನಡೆದದ್ದು ಈ ವರ್ಷ ಯಾಕೆ ನಡೆಯಲಿಲ್ಲ? ಔಷಧದ ಗೋದಾಮಿನಲ್ಲಿ ದಿನವಿಡೀ ಅವಧಿ ಮುಗಿದದ್ದನ್ನು ಹುಡುಕಿ ತೆಗೆಯುವುದೇ ನಿನ್ನ ಕೆಲಸ. ಮನೆಯ ಗಾಡಿಯ ತಾರೀಖು ಮಾತ್ರ ಕಣ್ಣಿಗೆ ಬೀಳಲಿಲ್ಲವೇ?

ತಿಂಗಳ ಕೊನೆಯೊಳಗೆ ರಿಪೇರಿ ಮಾಡಿಸಿಕೊಡದಿದ್ದರೆ ಪೊಲೀಸರಿಗೆ ದೂರು ಕೊಡುತ್ತೇನೆ ಎಂದಿದ್ದಾರೆ ಡಾಕ್ಟರು. ಕೊಟ್ಟರೆ ಗಾಡಿಯ ಒಡತಿ ಎಂದು ನಿನ್ನನ್ನೂ ಕರೆಸುತ್ತಾರೆ. ಬೇಗ ಉತ್ತರ ಬರೆ.

ಇಂತಿ,
ಅಪ್ಪ

ಜೂನ್ 15

ತೀರ್ಥರೂಪ ತಂದೆಯವರಿಗೆ,

ನಿಮ್ಮ ಕಾಗದ ತಲುಪಿತು. ನಿಮಗೆ ಪೆಟ್ಟಾಗಿಲ್ಲ ಎಂದು ತಿಳಿದು ಸಮಾಧಾನವಾಯಿತು.

ವಿಮೆಯ ನೋಟಿಸನ್ನು ನಾನು ಮಾರ್ಚ್ ಹನ್ನೆರಡಕ್ಕೇ ಕಳಿಸಿದ್ದೇನೆ. ಅದರ ಜೊತೆ ನಾನೂ ಒಂದು ಕಾಗದ ಬರೆದು ಇಟ್ಟಿದ್ದೆ. ಅದಕ್ಕೆ ಒಂದಕ್ಷರ ಉತ್ತರ ಬರೆಯದವರು ಈಗ ಒಂದು ಬಂಪರಿಗೆ ಎರಡು ಪುಟ ಬರೆದಿದ್ದೀರಿ. ಬಂಪರಿನ ಪುಣ್ಯ.

ಬಾಗಿಲಿನ ರಿಪೇರಿಗೆ ಎಷ್ಟಾಗುತ್ತದೆ ಎಂದು ತಿಳಿಸಿದರೆ ಕಳಿಸುತ್ತೇನೆ.

ಇಂತಿ ನಿಮ್ಮ ಮಗಳು

ಜೂನ್ 22

ಮಗಳೇ,

ಯಾವಾಗಿನಿಂದ ನಾನು ನಿನಗೆ "ನೀವು" ಆದೆ? "ತೀರ್ಥರೂಪ" ಬೇರೆ. ಪರೀಕ್ಷೆಯಲ್ಲಿ ಪತ್ರಲೇಖನದ ಪ್ರಶ್ನೆಗೆ ಬರೆದ ಹಾಗಿದೆ ನಿನ್ನ ಕಾಗದ. ಹತ್ತಕ್ಕೆ ಹತ್ತು ಅಂಕ ಕೊಡಬಹುದು.

ಮಾರ್ಚಿನಲ್ಲಿ ನಿನ್ನಿಂದ ನನಗೆ ಯಾವ ಕಾಗದವೂ ಬಂದಿಲ್ಲ. ಅಂಚೆಯವನನ್ನು ನಿಲ್ಲಿಸಿ ಕೇಳಿದೆ. "ನಿಮ್ಮ ಮಗಳ ಅಕ್ಷರ ನಂಗೆ ಗೊತ್ತಿಲ್ವಾ ಯಜಮಾನ್ರೇ, ಬಂದಿದ್ರೆ ಕೈಗೇ ಕೊಡ್ತಿದ್ದೆ" ಅಂದ. ಏನು ಬರೆದಿದ್ದೆ? ಇನ್ನೊಮ್ಮೆ ಬರೆದುಬಿಡು, ಮುಗಿಯಿತು.

ಇಲ್ಲಿ ನನ್ನ ಪಾಡು ಕೇಳು. ವಿಮೆ ಕಂಪನಿಗೆ ಹೋದೆ. ಕೌಂಟರಿನ ಹುಡುಗಿ ನಾಲ್ಕು ಸಲ ಹೇಳಿ, ಕೊನೆಗೆ ಚೀಟಿಯಲ್ಲಿ ಬರೆದುಕೊಟ್ಟಳು: ಅವಧಿ ಮೀರಿದ ಗಾಡಿಯನ್ನು ಅವರ ಕಡೆಯವರು ಕಣ್ಣಾರೆ ನೋಡಬೇಕು, ಒಡೆದ ದೀಪ ಇದ್ದರೆ ಪಾಸು ಮಾಡುವುದಿಲ್ಲ, ರಿಪೇರಿ ಮಾಡಿಸಿ ತನ್ನಿ. ಗ್ಯಾರೇಜಿಗೆ ಹೋದೆ. "ಗಾಡಿ ಇಲ್ಲಿಗೆ ತನ್ನಿ" ಅಂದ ಮೆಕ್ಯಾನಿಕ್. ತರಬೇಕಾದರೆ ರಸ್ತೆಗೆ ಇಳಿಸಬೇಕು. ರಸ್ತೆಗೆ ಇಳಿಸಲು ವಿಮೆ ಬೇಕು. ವಿಮೆಗೆ ರಿಪೇರಿ ಆಗಿರಬೇಕು! ಎರಡು ದಿನ ಈ ಗಾಣ ಸುತ್ತಿ ತಲೆ ಚಿಟ್ಟು ಹಿಡಿದಿದೆ. ಗಾಡಿ ಅಂಗಡಿಯ ಮುಂದೆಯೇ ನಿಂತಿದೆ. ಡಾಕ್ಟರು ದಿನಕ್ಕೆರಡು ಸಲ ಮಹಡಿಯಿಂದ ಇಣುಕಿ ಅದನ್ನು ನೋಡಿ ಮೂಗು ಮುರಿಯುತ್ತಾರೆ.

ದುಡ್ಡಿನ ಬದಲು ನಿಮ್ಮ ಪುಸ್ತಕಗಳನ್ನೆಲ್ಲ ಬೈಂಡ್ ಮಾಡಿಕೊಡುತ್ತೇನೆ ಎಂದು ಕೇಳಿ ನೋಡಿದೆ. "ನನ್ನ ಹತ್ರ ಇರೋದು ಒಂದೇ ಪುಸ್ತಕ, ಅಪಾಯಿಂಟ್‌ಮೆಂಟ್ ಬರೆಯೋದು" ಅಂದರು.

ಆ ವಿಮೆ ಕಂಪನಿಯವರ ಮೇಲೆ ನನಗೆ ಎಂಥ ಸಿಟ್ಟು ಗೊತ್ತೇ? ಬೇಕಾದ ನೋಟಿಸು ಬರಲಿಲ್ಲ, ಬೇಡದ ಜಾಹೀರಾತು ಮಾತ್ರ ತಿಂಗಳಿಗೆ ನಾಲ್ಕು ಈ ಅಂಗಡಿಗೆ ಬಂದು ಬೀಳುತ್ತದೆ. ಒಂದು ಮಾತು ಒಪ್ಪಬೇಕು, ಕಾಗದ ಮಾತ್ರ ಗಟ್ಟಿ. ಪುಸ್ತಕದ ಬೆನ್ನಿಗೆ ಒಳಗಿನಿಂದ ಅಂಟಿಸುವ ಪಟ್ಟಿಗೆ ಹೇಳಿ ಮಾಡಿಸಿದ ಹಾಗಿದೆ. ಮಾರ್ಚಿನಲ್ಲಿ ವಾಚನಾಲಯಕ್ಕೆ ಹಳೆಯ ವಾರಪತ್ರಿಕೆಗಳ ಒಂಬತ್ತು ಸಂಪುಟ ಕಟ್ಟಿಕೊಟ್ಟೆನಲ್ಲ, ಅಷ್ಟಕ್ಕೂ ಅವರ ಜಾಹೀರಾತೇ. ಲಕೋಟೆ ಒಡೆಯುವ ಗೋಜಿಗೂ ಹೋಗದೆ ಕಟಿಂಗ್ ಮಷೀನಿಗೆ ಕೊಡುತ್ತೇನೆ. ಆ ಕಂಪನಿಯಿಂದ ನನಗೆ ಆದ ಲಾಭ ಅದೊಂದೇ.

ನಿನ್ನ ದುಡ್ಡು ಬೇಡ. "ನೀವು" ಎಂದು ಕರೆಯುವವರ ಹತ್ತಿರ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.

ಅಪ್ಪ

ಜುಲೈ 1

ತೀರ್ಥರೂಪ ತಂದೆಯವರಿಗೆ,

ಕಾಗದ ಬರಲಿಲ್ಲ ಎಂದು ಬರೆದಿದ್ದೀರಿ. ಆರು ವರ್ಷದಲ್ಲಿ ನಮ್ಮಿಬ್ಬರ ನಡುವೆ ಒಂದು ಕಾಗದವೂ ಕಳೆದುಹೋಗಿಲ್ಲ, ಇದೊಂದು ಮಾತ್ರ ಕಳೆದುಹೋಯಿತು ಎಂದರೆ ಹೇಗೆ ನಂಬಲಿ? ಉತ್ತರ ಕೊಡಲು ಕಷ್ಟವಾದ ಕಾಗದಗಳು "ಬಂದೇ ಇಲ್ಲ" ಆಗುವುದನ್ನು ನಮ್ಮ ಗೋದಾಮಿನಲ್ಲಿ ದಿನಾ ನೋಡುತ್ತೇನೆ.

ಅದರಲ್ಲಿ ಏನಿತ್ತು ಎಂದು ಇನ್ನೊಮ್ಮೆ ಬರೆಯುವುದಿಲ್ಲ. ಒಂದು ಸಲ ಕೇಳಲು ನನಗೆ ಹದಿಮೂರು ವರ್ಷ ಬೇಕಾಯಿತು.

ಇದರ ಜೊತೆ ಚೆಕ್ ಇದೆ. ಬಾಗಿಲು ಮಾಡಿಸಿಕೊಡಿ.

ಇಂತಿ ನಿಮ್ಮ ಮಗಳು

ಜುಲೈ 8

ಮಗಳೇ,

ಚೆಕ್ ವಾಪಸು ಕಳಿಸಿದ್ದೇನೆ. ಸುಳ್ಳು ಹೇಳುವವನು ಎಂದು ಮಗಳಿಂದ ಅನ್ನಿಸಿಕೊಂಡು, ಅವಳದೇ ದುಡ್ಡಿನಲ್ಲಿ ಬಾಗಿಲು ಮಾಡಿಸುವಷ್ಟು ದಪ್ಪ ಚರ್ಮ ನನ್ನದಲ್ಲ.

ಜೂನ್ ಮುಗಿಯಿತು. ಡಾಕ್ಟರ ಕೈಕಾಲು ಹಿಡಿದು ಈ ತಿಂಗಳ ಕೊನೆಯವರೆಗೆ ಗಡುವು ತೆಗೆದುಕೊಂಡಿದ್ದೇನೆ. "ನಾನು ಕೆಟ್ಟೋನಲ್ಲ ಕಣ್ರೀ. ಆದರೆ ನನ್ನ ಬಾಗಿಲು ತೆಗೆಯಕ್ಕೆ ಆಗ್ತಿಲ್ಲ. ಒಂದು ತಿಂಗಳಿಂದ ಆ ಕಡೆ ಸೀಟಿಂದ ಹತ್ತಿ ತೂರಿಕೊಂಡು ಬರ್ತಿದೀನಿ" ಅಂದರು. ಅವರು ಹಾಗೆ ತೂರುವುದನ್ನು ನಾನೂ ನೋಡಿದ್ದೇನೆ. ದಪ್ಪ ಮನುಷ್ಯ. ನೋಡಿ ನಗು ಬರಬೇಕಿತ್ತು, ನಾಚಿಕೆಯಾಯಿತು.

ಕೂತು ಯೋಚಿಸಿದೆ. ಕಟಿಂಗ್ ಮಷೀನ್ ಮಾರಿಬಿಡುತ್ತೇನೆ. ಪಕ್ಕದ ಬೀದಿಯ ಪ್ರೆಸ್ಸಿನವರು ಬಹಳ ದಿನದಿಂದ ಅದರ ಮೇಲೆ ಕಣ್ಣಿಟ್ಟಿದ್ದಾರೆ. ಅದು ಹೋದ ಮೇಲೆ ಕೈಯಲ್ಲಿ ಎಷ್ಟು ಕತ್ತರಿಸಲಾಗುತ್ತದೋ ಅಷ್ಟು ಕೆಲಸ. ಆಮೇಲೆ ಅಂಗಡಿಯನ್ನೂ ಮುಚ್ಚಿದರಾಯಿತು. ಹಾರ್ನ್ ಕೇಳಿಸದವನು ಇನ್ನೆಷ್ಟು ದಿನ ಗಾಡಿ ಓಡಿಸಿಯಾನು, ಯಾರಿಗೋಸ್ಕರ ಓಡಿಸಿಯಾನು? ಈ ತಿಂಗಳ ಇಪ್ಪತ್ತಕ್ಕೆ ಬಂದು ಮಷೀನು ಎತ್ತಿಕೊಂಡು ಹೋಗುತ್ತಾರೆ.

ಹೇಳಬೇಕು ಅನ್ನಿಸಿತು, ಹೇಳಿದೆ.

ಅಪ್ಪ

ಜುಲೈ 13

ಅಪ್ಪನವರಿಗೆ,

ಮಾರಿ. ನಿಮ್ಮ ಮಷೀನು, ನಿಮ್ಮ ಅಂಗಡಿ. ಕೇಳಲು ನಾನು ಯಾರು?

ಆದರೂ ಇಷ್ಟು ಹೇಳದೆ ಇರಲಾರೆ. ನಾನು ನಿಮ್ಮನ್ನು ಕೇಳಿದ್ದು ಅದನ್ನೇ ಅಲ್ಲವೇ? ಒಡವೆ ಕೇಳಿದೆನೇ, ಮನೆ ಕೇಳಿದೆನೇ? ಆ ಮಷೀನಿನ ಮುಂದೆ ನಿಲ್ಲಲು ಜಾಗ ಕೇಳಿದೆ. ಹದಿನೆಂಟು ವರ್ಷದವಳಾಗಿದ್ದಾಗ ಒಮ್ಮೆ ಕೇಳಿದ್ದೆ. ನೀವು ನಿಮ್ಮ ಎಡಗೈ ಎತ್ತಿ ತುದಿಯಿಲ್ಲದ ಕಿರುಬೆರಳು ತೋರಿಸಿ, "ಇದು ಬೇಕಾ?" ಎಂದಿರಿ. ಆಗ ಸುಮ್ಮನಾದೆ. ಈಗ ಮಾರ್ಚಿನಲ್ಲಿ ಮತ್ತೆ ಕೇಳಿದೆ. ಕೆಲಸದಲ್ಲಿ ಮುಂದುವರಿಯುತ್ತೇನೋ ಇಲ್ಲವೋ ಎಂದು ಗೋದಾಮಿನವರಿಗೆ ಏಪ್ರಿಲ್ ಕೊನೆಗೆ ಉತ್ತರ ಕೊಡಬೇಕಿತ್ತು. ದಿನಾ ಅಂಚೆ ಡಬ್ಬಿ ನೋಡಿದೆ. ಮೂವತ್ತನೆಯ ತಾರೀಖು ಸಂಜೆ, ಕಚೇರಿ ಮುಚ್ಚುವ ಹೊತ್ತಿಗೆ, ಇನ್ನೆರಡು ವರ್ಷಕ್ಕೆ ರುಜು ಹಾಕಿಕೊಟ್ಟೆ. ಹೊಟ್ಟೆ ಉರಿಯುತ್ತದೆ ಅಪ್ಪಾ. ಬೇಡ ಎನ್ನಲು ಎರಡಕ್ಷರ ಸಾಕಿತ್ತು. ಈಗ ಯಾರಿಗೋಸ್ಕರ ಅಂಗಡಿ ಎಂದು ನನ್ನನ್ನೇ ಕೇಳುತ್ತೀರಿ.

ಕಾಗದ ತಲುಪಿಲ್ಲ ಎನ್ನುವುದಕ್ಕೆ ದಾರಿಯೇ ಇಲ್ಲ. ವಿಮೆ ಕಂಪನಿಯ ದಪ್ಪ ಲಕೋಟೆ ಎಲ್ಲಿ ಕಳೆದುಹೋಗುತ್ತದೆ? ಒಳ್ಳೆಯ ಲಕೋಟೆಯನ್ನು ಎಸೆಯಬಾರದು ಎಂದು ನೀವೇ ಕಲಿಸಿದ್ದು. ನೋಟಿಸು ಬಂದ ಲಕೋಟೆಯಲ್ಲೇ ನೋಟಿಸನ್ನೂ ನನ್ನ ಕಾಗದವನ್ನೂ ಇಟ್ಟು, ಮೇಲೆ ನಿಮ್ಮ ವಿಳಾಸ ಟೈಪು ಮಾಡಿದ ಚೀಟಿ ಅಂಟಿಸಿ ಕಳಿಸಿದ್ದೆ. ನೀವು ಹೇಳಿಕೊಟ್ಟ ಹಾಗೆಯೇ, ಅಂಚು ಏಳದಂತೆ.

ಇಂತಿ,
ಮಗಳು

ಜುಲೈ 17

ಮಗಳೇ,

ಲಕೋಟೆ ನೀಲಿ ಅಂಚಿನದಾಗಿತ್ತೇ? ಎಡಗಡೆ ಕೊಡೆಯ ಚಿತ್ರ ಇತ್ತೇ?

ಉತ್ತರ ಬರೆಯಬೇಡ. ಇತ್ತು. ನನಗೆ ಗೊತ್ತು.

ವಾಚನಾಲಯಕ್ಕೆ ಹೊರಟಿದ್ದೇನೆ.

ಅಪ್ಪ

ಆಗಸ್ಟ್ 2

ಮಗಳೇ,

ಎರಡು ವಾರ ಬರೆಯಲಿಲ್ಲ. ಕೈ ಬಿಡುವಿರಲಿಲ್ಲ, ಕೈಯಲ್ಲಿ ಸಂಪುಟಗಳಿದ್ದವು.

ವಾಚನಾಲಯದ ಮೇಡಂ ಹತ್ತಿರ ಹೋಗಿ, ನಾನು ಕಟ್ಟಿಕೊಟ್ಟ ಒಂಬತ್ತು ಸಂಪುಟಗಳನ್ನೂ ಬಿಚ್ಚಬೇಕು ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನೀವೇ ಕಟ್ಟಿದ್ದನ್ನ ನೀವೇ ಹರೀತೀರಾ? ಏನಾಗಿದೆ ನಿಮಗೆ?" "ಹರಿಯೋದಲ್ಲ ಮೇಡಂ, ಬಿಚ್ಚೋದು. ಒಳಗೆ ನನ್ನ ಮಗಳ ಕಾಗದ ಇದೆ." "ಪುಸ್ತಕದ ಒಳಗೆ ಮರೆತಿದ್ರೆ ಹುಡುಕಿಸ್ತೀನಿ, ಬಿಡಿ." "ಪುಟದ ಮಧ್ಯೆ ಅಲ್ಲ. ಬೆನ್ನಿನ ಒಳಗೆ." ಇಷ್ಟನ್ನು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಓದುವವರೆಲ್ಲ ಪೇಪರು ಕೆಳಗಿಟ್ಟು ನಮ್ಮನ್ನೇ ನೋಡುತ್ತಿದ್ದರು. ನನ್ನ ದನಿ ಎಷ್ಟು ದೊಡ್ಡದೆಂದು ನನಗೆ ತಿಳಿಯುವುದಿಲ್ಲವಲ್ಲ.

ಕೊನೆಗೆ ಒಪ್ಪಿದರು, ಆದರೆ ಅವರ ಷರತ್ತು ಕೇಳು: ದಿನಕ್ಕೆ ಒಂದೇ ಸಂಪುಟ, ಅದನ್ನು ಮೊದಲಿನ ಹಾಗೆ ಕಟ್ಟಿ ತಂದುಕೊಟ್ಟ ಮೇಲೆಯೇ ಮುಂದಿನದು. ಗಾಡಿ ಇಲ್ಲ. ಒಂದೊಂದೇ ಸಂಪುಟವನ್ನು ಬಗಲಲ್ಲಿ ಇಟ್ಟುಕೊಂಡು ನಡೆದುಕೊಂಡೇ ತಂದೆ, ನಡೆದುಕೊಂಡೇ ಒಯ್ದೆ. ಒದ್ದೆ ಬಟ್ಟೆ ಬೆನ್ನಿನ ಮೇಲೆ ಹಾಕಿ ಅರ್ಧ ಗಂಟೆ ಬಿಟ್ಟರೆ ಅಂಟು ಸಡಿಲವಾಗುತ್ತದೆ. ಆಮೇಲೆ ಚಪ್ಪಟೆ ಚಾಕುವಿನಿಂದ ಮೆಲ್ಲಗೆ ಎಬ್ಬಿಸಬೇಕು. ನನ್ನ ಕೆಲಸದ ಮೇಲೆ ನನಗೇ ಇಷ್ಟು ಕೋಪ ಎಂದೂ ಬಂದಿರಲಿಲ್ಲ. ಅಷ್ಟು ಗಟ್ಟಿಯಾಗಿ ಅಂಟಿಸಿದ್ದೆ.

ಮೊದಲ ಎರಡು ಸಂಪುಟದಲ್ಲಿ ಸಿಕ್ಕಿದ್ದು ಕೊಡೆ ಹಿಡಿದು ನಗುವ ಸಂಸಾರದ ಚಿತ್ರ, ಅದರ ಕೆಳಗೆ ನಿನ್ನ ಕಾಗದದ ಒಂದೊಂದು ಪಟ್ಟಿ. ಬಾಲ್ ಪೆನ್ನಿನಲ್ಲಿ ಬರೆದಿದ್ದೆ, ಅಳಿಸಿಲ್ಲ. ಮೂರಾಗಿ ಮಡಚಿದ್ದ ಕಾಗದವನ್ನು ಲಕೋಟೆಯ ಸಮೇತ, ಮಡಿಕೆಯ ಅಂಚು ಸವರಿ, ಉದ್ದಕ್ಕೆ ಮೂರು ಪಟ್ಟಿಯಾಗಿ ಕೊಯ್ದಿದ್ದೇನೆ. ಒಂಬತ್ತು ಪಟ್ಟಿ, ಒಂಬತ್ತು ಬೆನ್ನು. ವಿಮೆಯ ನೋಟಿಸೂ ತುಂಡು ತುಂಡಾಗಿ ಸಿಕ್ಕಿತು, ಅದು ಹಾಳಾಗಿ ಹೋಗಲಿ.

ನಿನ್ನ ಅಕ್ಷರ ಕಣ್ಣಿಗೆ ಬೀಳಲಿಲ್ಲವೇ ಎಂದು ಕೇಳುತ್ತೀಯ. ನೀನು ಒಂದೇ ಮಗ್ಗುಲಿಗೆ ಬರೆದಿದ್ದೆ, ನನ್ನ ಮುಂದೆ ಇದ್ದದ್ದು ಖಾಲಿ ಮಗ್ಗುಲು. ಅಂಟು ಹಚ್ಚುವಾಗ ನಾನು ಕಾಗದದ ನಾರು ಯಾವ ಕಡೆ ಓಡುತ್ತದೆ ಎಂದು ನೋಡುತ್ತೇನೆ, ಮೇಲೆ ಏನು ಬರೆದಿದೆ ಎಂದು ನೋಡುವುದಿಲ್ಲ. ಇಷ್ಟು ವರ್ಷ ಇದನ್ನು ನನ್ನ ಹೆಚ್ಚುಗಾರಿಕೆ ಎಂದುಕೊಂಡಿದ್ದೆ. ನಿನ್ನಮ್ಮ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಟಪಾಲು ಒಡೆಯುವ ಕೆಲಸ ಅವಳದಾಗಿತ್ತು.

ಈಗ ಎಂಟು ಪಟ್ಟಿಗಳನ್ನು ಮೇಜಿನ ಮೇಲೆ ಜೋಡಿಸಿಟ್ಟಿದ್ದೇನೆ. "ಅಪ್ಪಾ, ನೋಟಿಸು ಜೊತೆಗಿದೆ, ತಡ ಮಾಡಬೇಡ" ಎಂದು ಶುರುವಾಗುತ್ತದೆ. ಅದರಲ್ಲಿ ನಾನು ಇನ್ನೂ "ನೀನು". ಆರನೆಯದರಲ್ಲಿ, "ಇಡೀ ದಿನ ಅವಧಿ ಮುಗಿದ ಮಾತ್ರೆಗಳನ್ನು ಎಣಿಸುತ್ತೇನೆ, ಒಂದಾದರೂ ಬಾಳಿಕೆ ಬರುವ ಕೆಲಸ ಮಾಡಬೇಕು ಅನ್ನಿಸುತ್ತದೆ." ಎಂಟನೆಯದರಲ್ಲಿ, "ಅಂಗಡಿಗೆ ಬಂದು ನಿನ್ನ ಹತ್ತಿರ ಕೆಲಸ ಕಲಿಯಲೇ? ಬೆರಳು ಜೋಪಾನ ಮಾಡಿಕೊಳ್ಳುತ್ತೇನೆ."

ಓದಿ ಅತ್ತೆ. ಅತ್ತೆ ಎಂದು ಬರೆಯಲು ನಾಚಿಕೆಯಿಲ್ಲ ನನಗೆ.

ಹದಿನೆಂಟರಲ್ಲಿ ನೀನು ಕೇಳಿದಾಗ ಬೆರಳು ತೋರಿಸಿದ್ದು ನೆಪ. ನನ್ನ ಹಾಗೆ ನೀನೂ ಅಂಟಿನ ಡಬ್ಬಿಯ ಮುಂದೆ ಮುದಿಯಾಗುತ್ತೀಯ, ಜನ ನಿನ್ನ ಕೆಲಸ ನೋಡದೆ ಪುಸ್ತಕ ಮಾತ್ರ ನೋಡುತ್ತಾರೆ ಎಂಬ ಹೆದರಿಕೆ. ಅದನ್ನು ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ.

ಪ್ರೆಸ್ಸಿನವರು ಇಪ್ಪತ್ತಕ್ಕೆ ನಾಲ್ಕು ಜನ ಕರೆದುಕೊಂಡು ಬಂದರು. "ಮಷೀನು ಕೊಡಲ್ಲ" ಎಂದೆ. "ಮಾತು ಕೊಟ್ಟಿದ್ರಲ್ಲ ಯಜಮಾನ್ರೇ!" ಎಂದು ಬೈದರು. ಬೈಸಿಕೊಂಡೆ. ಕಿವಿ ಕೇಳಿಸದೆ ಇದ್ದದ್ದು ಅದೊಂದು ದಿನ ಉಪಕಾರವಾಯಿತು. ಮಷೀನಿನ ಬದಲು ಗಾಡಿಯನ್ನೇ ಮೆಕ್ಯಾನಿಕ್‌ಗೆ ಕೊಡುತ್ತಿದ್ದೇನೆ, ಒಡೆದ ದೀಪದ ಸಮೇತ. ಅದಕ್ಕೆ ಬದಲಾಗಿ ಅವನು ಡಾಕ್ಟರ ಬಾಗಿಲು, ಕನ್ನಡಿ ಮಾಡಿಕೊಟ್ಟಿದ್ದಾನೆ. ಮೊನ್ನೆ ಡಾಕ್ಟರು ಬಾಗಿಲನ್ನು ಹತ್ತು ಸಲ ತೆಗೆದು ಹಾಕಿ ನೋಡಿದರು. "ಪೊಲೀಸು ಗಿಲೀಸು ಏನೂ ಬೇಡ, ಆದ್ರೆ ನೀವು ಇನ್ಮೇಲೆ ಗಾಡಿ ಓಡಿಸ್ಬೇಡಿ" ಅಂದರು. "ಓಡಿಸಕ್ಕೆ ಎಲ್ಲಿದೆ?" ಅಂದೆ.

ಗಾಡಿ ನಿನ್ನ ಹೆಸರಿನಲ್ಲಿದೆ. ಮಾರಾಟದ ಫಾರಂ ಇದರೊಳಗಿದೆ. ಗುರುತು ಹಾಕಿದ ಎರಡು ಕಡೆ ರುಜು ಹಾಕಿ ಕಳಿಸು.

ನಿನ್ನ ಪ್ರಶ್ನೆಗೆ ಉತ್ತರ: ಬಾ. ಏಪ್ರಿಲಿನಲ್ಲಿ ಕೊಡಬೇಕಾಗಿದ್ದ ಉತ್ತರ, ಆಗಸ್ಟಿನಲ್ಲಿ ಕೊಡುತ್ತಿದ್ದೇನೆ. ಅವಧಿ ಮುಗಿದಿದೆಯೋ ಇಲ್ಲವೋ ನೋಡಿ ಹೇಳಬೇಕಾದವಳು ನೀನು.

ಒಂಬತ್ತನೆಯ ಪಟ್ಟಿ ಸಿಗಲಿಲ್ಲ. ಆ ಸಂಪುಟವನ್ನು ಬೇರೆ ಊರಿನ ಶಾಖೆಗೆ ಕಳಿಸಿಬಿಟ್ಟಿದ್ದಾರೆ. ಕೊನೆಯ ಸಾಲುಗಳು ಅದರಲ್ಲಿರಬೇಕು. ಏನಿತ್ತು ಅದರಲ್ಲಿ? ಮೇಡಂ ಕೈಯಲ್ಲಿ ಚೀಟಿ ಬರೆಸಿಕೊಂಡು ಬಸ್ಸು ಹತ್ತಿ ಹೋಗಿ ಬಿಚ್ಚಿ ತರಬೇಕೆಂದಿದ್ದೇನೆ.

ನಿನ್ನ
ಅಪ್ಪ

ಆಗಸ್ಟ್ 9

ಅಪ್ಪಾ,

ಬಸ್ಸು ಹತ್ತಬೇಡ.

ಒಂಬತ್ತನೆಯ ಪಟ್ಟಿಯಲ್ಲಿ ಇದ್ದದ್ದು ಇಷ್ಟೇ: "ಬೇಡ ಅನ್ನುವುದಾದರೆ ಬರೆಯುವ ಕಷ್ಟ ತೆಗೆದುಕೊಳ್ಳಬೇಡ. ಉತ್ತರ ಬರದಿದ್ದರೆ ಬೇಡ ಎಂದೇ ತಿಳಿದುಕೊಳ್ಳುತ್ತೇನೆ."

ನಿನ್ನ ಕಾಗದ ಓದಿದಾಗಿನಿಂದ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವ ಹಾಗಾಗಿದೆ. ನೀನು ಲಕೋಟೆ ಕೊಯ್ದೆ, ಸರಿ. ಅದಕ್ಕೂ ಮೊದಲೇ ನಿನ್ನ ಬಾಯಿ ಮುಚ್ಚಿಸಿದವಳು ನಾನು. ನಿನ್ನ ಬಾಯಿಂದ ಇನ್ನೊಮ್ಮೆ "ಬೇಡ" ಎಂದು ಕೇಳುವ ಧೈರ್ಯವಿರಲಿಲ್ಲ, ಅದಕ್ಕೆ ಹಾಗೆ ಬರೆದೆ. ಆಮೇಲೆ ನೀನು ಸುಮ್ಮನಿದ್ದೆ ಎಂದು ನಾಲ್ಕು ತಿಂಗಳು ನಿನ್ನ ಮೇಲೇ ಹಲ್ಲು ಮಸೆದೆ.

ಆ ಪಟ್ಟಿ ಅಲ್ಲೇ ಇರಲಿ. ಪುಸ್ತಕವನ್ನಾದರೂ ಗಟ್ಟಿಯಾಗಿ ಹಿಡಿದುಕೊಂಡಿರಲಿ.

ಗೋದಾಮಿನ ಮ್ಯಾನೇಜರಿಗೆ ಹೇಳಿದೆ. "ಎರಡು ವರ್ಷಕ್ಕೆ ರುಜು ಹಾಕಿದೀಯಲ್ಲಮ್ಮಾ" ಎಂದು ಕೂಗಾಡಿದರು. ಕಡೆಗೆ ಮೂರು ತಿಂಗಳು ದುಡಿದುಕೊಟ್ಟು ಹೋಗು, ಈ ವರ್ಷದ ಬೋನಸ್ಸು ಕೇಳಬೇಡ ಎಂದಿದ್ದಾರೆ. ನವೆಂಬರ್ ಹತ್ತಕ್ಕೆ ಬರುತ್ತೇನೆ. ಸಾಮಾನು ಇಡಲು ಒಳಗಿನ ಕೋಣೆಯ ರಟ್ಟಿನ ರಾಶಿ ತೆಗೆಸಿರು. ನನ್ನ ಹತ್ತು ಬೆರಳೂ ಎಣಿಸಿಕೊಂಡು ಬರುತ್ತೇನೆ.

ಟಪಾಲು ಒಡೆಯುವ ಕೆಲಸ ಇನ್ನು ನನ್ನದು. ಗಾಡಿಯ ಫಾರಂಗೆ ರುಜು ಹಾಕಿ ಇದರಲ್ಲೇ ಇಟ್ಟಿದ್ದೇನೆ. ನಾನು ಬರುವವರೆಗೆ ಅಂಗಡಿಗೆ ಬಂದ ಒಂದು ಲಕೋಟೆಯನ್ನೂ ಒಡೆಯದೆ ಮಷೀನಿಗೆ ಕೊಡಬೇಡ. ಕೊಡೆಯ ಚಿತ್ರ ಇದ್ದರೂ.

ನಿನ್ನ
ಮಗಳು